ಹಗ್ಗದ ಈ ತುದಿ

ಗಂಡ ಬಾವಿಗೆ ಇಳಿದಾಗಲೆಲ್ಲ ಯಲ್ಲವ್ವ ಮೇಲೆ ಕೂತು ತಾನೂ ಉಸಿರು ಹಿಡಿಯುತ್ತಿದ್ದಳು. ಅವನ ತಲೆ ನೀರಿನಲ್ಲಿ ಮರೆಯಾಗುವುದೂ ಇವಳ ಬಾಯಿ ಮುಚ್ಚುವುದೂ ಒಟ್ಟಿಗೇ. ಎದೆ ಉರಿಯತೊಡಗಿದಾಗ ಒಮ್ಮೆ ಬಿಟ್ಟು, ಮತ್ತೆ ಎಳೆದುಕೊಂಡು, ಮತ್ತೆ ಹಿಡಿಯುವಳು. ಅದು ಎರಡನೆಯದು. ಅದೂ ತೀರಿ ಮೂರನೆಯದನ್ನು ಹಿಡಿದಾಗ ಎರಡೂ ಕೈ ಹಗ್ಗದ ಮೇಲೆ ಬಿಗಿಯುತ್ತಿದ್ದವು. ಮೂರನೆಯ ಉಸಿರು ಮುಗಿಯುವುದರೊಳಗೆ ಅವನು ಬರದಿದ್ದರೆ ಎಳೆಯಬೇಕು. ಯಾರನ್ನೂ ಕೇಳುವಂತಿಲ್ಲ, ಎಳೆಯಬೇಕು.

ಮದುವೆಯಾದ ಹೊಸದರಲ್ಲಿ ಅವಳ ಅಣ್ಣ ಒಂದು ಕೈಗಡಿಯಾರ ತಂದುಕೊಟ್ಟಿದ್ದ. ಗಂಡ ಬೀರಸಿದ್ದಪ್ಪ ಅದನ್ನು ಗೂಟಕ್ಕೆ ತೂಗುಹಾಕಿ ಬಂದ. "ಗಡಿಯಾರಕ್ಕ ಎದಿ ಉರಿತೈತೇನ? ನಿನಗ ಉರಿತೈತಿ. ನೀನ ಸಾಕು ನನಗ" ಎಂದಿದ್ದ. ಅದನ್ನು ಪ್ರೀತಿಯ ಮಾತೆಂದು ತಿಳಿಯಲು ಅವಳಿಗೆ ಒಂದು ವರ್ಷ ಹಿಡಿಯಿತು.

ಕೌಜಲಗಿಯ ಸುತ್ತಲಿನ ಬಾವಿಗಳಲ್ಲಿ, ಘಟಪ್ರಭೆಯ ದಂಡೆಯ ಮಡುಗಳಲ್ಲಿ ಅವನದು ಒಂದೇ ಕೆಲಸ. ಪಂಪಿನ ಪೈಪಿನ ತಳದಲ್ಲಿ ಫುಟ್‌ವಾಲ್ ಇರುತ್ತದಲ್ಲ, ಅದಕ್ಕೆ ಕಸ, ಪ್ಲಾಸ್ಟಿಕ್ಕು, ಒಮ್ಮೊಮ್ಮೆ ಸತ್ತ ಏಡಿ ಸಿಕ್ಕಿಕೊಂಡರೆ ನೀರು ಮೇಲೇರುವುದಿಲ್ಲ. ಬೀರಸಿದ್ದಪ್ಪ ಸೊಂಟಕ್ಕೆ ಹಗ್ಗ ಕಟ್ಟಿ, ಎದೆತುಂಬ ಗಾಳಿ ತುಂಬಿಕೊಂಡು ಮುಳುಗುತ್ತಿದ್ದ, ಕತ್ತಲೆಯಲ್ಲಿ ಕೈಯಾಡಿಸಿ ಅದನ್ನು ಬಿಡಿಸಿ ಬರುತ್ತಿದ್ದ. ಒಂದು ಸಲ ಜಗ್ಗಿದರೆ ಹಗ್ಗ ಸಡಿಲ ಬಿಡು. ಎರಡು ಸಲ ಜಗ್ಗಿದರೆ ಎಳೆ. ಗಂಡಹೆಂಡಿರ ನಡುವೆ ಇದ್ದ ಮಾತು ಅಷ್ಟೇ, ಅದರಲ್ಲಿ ಎಂದೂ ತಪ್ಪಾಗಿರಲಿಲ್ಲ. ಮೂಡಲಗಿಯ ಹಾದಿಯ ಒಂದು ತೋಟದಲ್ಲಿ ಅವನು ಕೆಳಗಿರುವಾಗಲೇ ಯಾರೋ ಅರಿಯದೆ ಪಂಪು ಚಾಲೂ ಮಾಡಿಬಿಟ್ಟಿದ್ದರು. ಅವನ ಅಂಗೈ ಫುಟ್‌ವಾಲಿಗೆ ಕಚ್ಚಿಕೊಂಡಿತು. ಎರಡು ಜಗ್ಗು ಬಂದವು. ಯಲ್ಲವ್ವ ಕಾಲನ್ನು ಕಟ್ಟೆಗೆ ಒದ್ದು ಎಳೆದಳು. ಅಂಗೈ ತೊಗಲು ಅಲ್ಲೇ ಉಳಿಯಿತು, ಗಂಡ ಮೇಲೆ ಬಂದ. ಅಂದಿನಿಂದ ಅವಳಿಗೆ ತನ್ನ ಕೈಗಳ ಮೇಲೆ ದೇವರ ಮೇಲಿನಷ್ಟೇ ಭರವಸೆ.

ಈಗ ಅವಳು ಹಿಡಕಲ್ ಜಲಾಶಯದ ನಡುನೀರಿನಲ್ಲಿ, ದೋಣಿಯ ಅಂಚಿಗೆ ಮೊಣಕಾಲೂರಿ ಕೂತಿದ್ದಳು. ಕೈಯಲ್ಲಿ ಅದೇ ಹಗ್ಗ. ಆದರೆ ಹೊರಡುವ ಮುಂಚೆ ಮೇಘಾ ಅವಳ ಎರಡೂ ಕೈ ಹಿಡಿದುಕೊಂಡು ಹೇಳಿದ್ದಳು: "ಯಲ್ಲವ್ವಕ್ಕಾ, ಏನ ಆದ್ರೂ ಜಗ್ಗಬ್ಯಾಡ್ರಿ. ನೀವು ಜಗ್ಗಿದ್ರ ಅಣ್ಣಾರ ಜೀವಕ್ಕ ಕುತ್ತು."

*

ಮೇಘಾ ಸಂಕೇಶ್ವರದ ಹುಡುಗಿ. ಹಿರಣ್ಯಕೇಶಿಯಲ್ಲಿ ಈಜು ಕಲಿತವಳು ಕರಾವಳಿಗೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳಕ್ಕೆ ಇಳಿಯುವುದನ್ನು ಕಲಿತಿದ್ದಳು. ಅಲ್ಲಿ ಸಿಮೆಂಟಿನ ದೊಡ್ಡ ಅಚ್ಚುಗಳನ್ನು ನೀರಿನ ತಳಕ್ಕಿಳಿಸಿ ಮೀನಿಗೆ ಕೃತಕ ಬಂಡೆಗಳನ್ನು ಮಾಡಿಕೊಡುವುದನ್ನು ನೋಡಿದ್ದಳು. ಊರಿಗೆ ಮರಳಿದ ಮೇಲೆ ಹಿಡಕಲ್ಲಿನ ಮೀನುಗಾರರ ಸಂಘದವರಿಗೆ ಅದನ್ನೇ ಹೇಳಿದಳು. ಬೇಸಿಗೆಯಲ್ಲಿ ನೀರು ಇಳಿದು ಹಳೆಯ ಹೊಲಗಳ ಬದುಗಳು ಬಯಲಾಗಿದ್ದಾಗ, ಹತ್ತರಗಿಯಲ್ಲಿ ಸಿಮೆಂಟಿನ ಸಾಮಾನು ಮಾಡಿ ಮಾರುವ ಅಭಿನಂದನನ ಅಂಗಳದಿಂದ ಬಾವಿಗೆ ಹಾಕುವ ರಿಂಗುಗಳು ಬಂದವು. ಒಂದರ ಮೇಲೊಂದು ಕೆಲವು, ಅಡ್ಡ ಮಲಗಿಸಿದವು ಕೆಲವು. ಮಳೆಗಾಲದಲ್ಲಿ ನೀರು ಏರಿ ಅವನ್ನೆಲ್ಲ ನುಂಗಿತು. ಸಂಘದವರು ಅದಕ್ಕೆ ಮೀನಿನ ಮನಿ ಎಂದು ಹೆಸರಿಟ್ಟರು, ಅಲ್ಲಿ ಮೀನು ಮರಿ ಮಾಡಲಿ, ಬಲೆ ಹಾಕುವುದು ಬೇಡ ಎಂದು ತಮ್ಮತಮ್ಮಲ್ಲಿ ಒಪ್ಪಿಕೊಂಡರು.

ಈಗ ಕಾರ್ತಿಕ. ರಿಂಗುಗಳು ನಿಂತಿವೆಯೋ ಬಿದ್ದಿವೆಯೋ, ಮೀನು ಸೇರಿದೆಯೋ ಇಲ್ಲವೋ, ಯಾರಾದರೂ ಇಳಿದು ನೋಡಬೇಕು. ಆಮೇಲೂ ಆಗಾಗ ಇಳಿದು ಕಾಯಬೇಕು. ಜಲಾಶಯದ ತಳದಲ್ಲಿ ಸಮುದ್ರದ ಬೆಳಕಿಲ್ಲ, ರಾಡಿ. ಚಾಚಿದ ಕೈ ಕಾಣುವುದಿಲ್ಲ. ಕತ್ತಲೆ ನೀರಿಗೆ ಹೆದರದ ಒಬ್ಬ ಜೊತೆಗಾರ ಬೇಕೆಂದು ಕೇಳುತ್ತ ಕೇಳುತ್ತ ಮೇಘಾ ಕೌಜಲಗಿಗೆ ಬಂದಳು.

ಅವಳು ಬಂದದ್ದು ಸರಿಯಾದ ಹೊತ್ತಿಗೆ. ಹಿಂದಿನ ವಾರವಷ್ಟೇ ಬೀರಸಿದ್ದಪ್ಪ ಒಂದು ಬಾವಿಯಿಂದ ಮೇಲೆ ಬರುತ್ತ ಬರುತ್ತ, ಇನ್ನೊಂದು ಮಾರು ಉಳಿದಿರುವಾಗ, ಕಣ್ಣು ತೇಲಿಸಿದ್ದ. ಯಲ್ಲವ್ವನ ಮೂರನೇ ಉಸಿರು ಅವನನ್ನು ಎಳೆದು ತಂದಿತ್ತು. ಗೋಕಾಕದ ಡಾಕ್ಟರು ಪರೀಕ್ಷೆ ಮಾಡಿ, ಎದೆ ಕಿವಿ ಎಲ್ಲ ಗಟ್ಟಿಯಿವೆ, ಆದರೆ ಹೀಗೆ ಉಸಿರು ಕಟ್ಟಿ ಇಳಿಯುತ್ತ ಹೋದರೆ ಒಂದು ದಿನ ಎಚ್ಚರಾಗುವುದಿಲ್ಲ ಎಂದಿದ್ದರು. ಅವನು ನಕ್ಕುಬಿಟ್ಟಿದ್ದ. ಮೂರು ತಾಲೂಕಿನಲ್ಲಿ ತನ್ನಷ್ಟು ದಮ್ಮು ಹಿಡಿಯುವವನಿಲ್ಲ ಎಂಬುದು ಅವನ ಹೆಮ್ಮೆ.

ಅವಳು ಮಾತ್ರ ನಕ್ಕಿರಲಿಲ್ಲ. ಮೇಘಾಳ ಮುಂದೆ ಚಹಾದ ಬಟ್ಟಲು ಇಟ್ಟು, ಗಂಡನ ಎದುರಿಗೇ ಕೇಳಿದಳು:

"ಬಾಯವ್ವ, ನಮ್ಮ ಮನಿಯವ್ರಿಗೆ ನೀರಾಗ ಉಸಿರಾಡೂದು ಕಲಸ್ತೀಯೇನು?"

"ಏ, ನನಗ ಉಸಿರಾಡೂದು ಕಲಸ್ತಾಳಂತ! ಹುಟ್ಟಿದಾಗಿಂದ ಮಾಡಾಕತ್ತೇನಿ" ಎಂದ ಬೀರಸಿದ್ದಪ್ಪ.

"ಅದನ್ನ ಬಿಟ್ಟು ಉಳದದ್ದೆಲ್ಲಾ ಮಾಡೀರಿ" ಎಂದಳು ಯಲ್ಲವ್ವ.

ಹಾಗೆ ಅವನನ್ನು ಈ ಕೆಲಸಕ್ಕೆ ನೂಕಿದವಳು ಅವಳೇ. ದೋಣಿಯಲ್ಲಿ ಕೂತಾಗ ಮತ್ತೆ ಮತ್ತೆ ಅವಳ ನೆನಪಿಗೆ ಬರುತ್ತಿದ್ದದ್ದು ಅದೇ.

ಕಲಿಯುವುದು ಸುಲಭವಾಗಲಿಲ್ಲ. ಕೌಜಲಗಿಯ ಬಾವಿಯಲ್ಲೇ ಮೇಘಾ ಅವನಿಗೆ ಬಾಯಲ್ಲಿ ನಳಿಗೆ ಕಚ್ಚುವುದನ್ನು, ಕಿವಿಯ ಒತ್ತಡ ಬಿಡಿಸಿಕೊಳ್ಳುವುದನ್ನು, ನಿಧಾನಕ್ಕೆ ಏರುವುದನ್ನು ಹೇಳಿಕೊಟ್ಟಳು. ಎಲ್ಲ ಬಂತು. ಒಂದು ಬರಲಿಲ್ಲ. ನೀರಿನ ತಳದಿಂದ ಏರಲು ಶುರುಮಾಡಿದ ಕೂಡಲೇ ಅವನು ಬಾಯಿ ಬಿಗಿದು ಉಸಿರು ಹಿಡಿದುಬಿಡುತ್ತಿದ್ದ. ಹತ್ತು ವರ್ಷದ ಹುಡುಗನಿದ್ದಾಗ ಅವನ ಅಪ್ಪ ಸಿದ್ರಾಯ ಅವನನ್ನು ಬಾವಿಗೆ ನೂಕಿ ಕಲಿಸಿದ ಪಾಠ ಅದು. ಎಲುಬಿನೊಳಗೆ ಇಳಿದದ್ದು ಹೇಳಿದ ಮಾತಿಗೆ ಹೊರಗೆ ಬರುವುದಿಲ್ಲ.

"ಅಣ್ಣಾರ, ಮೊದಲ ನೀವು ಮ್ಯಾಲಿಂದ ಗಾಳಿ ತುಂಬಿಕೊಂಡು ಹೋಗ್ತಿದ್ರಿ" ಎಂದು ಮೇಘಾ ವಿವರಿಸಿದಳು. "ಈಗ ತಳದಾಗ ಸಿಲಿಂಡರಿನ ಗಾಳಿ ಎಳಕೋತೀರಿ. ಅಲ್ಲಿ ನೀರು ಒತ್ತಿ ಅದನ್ನ ಸಣ್ಣದು ಮಾಡಿರ್ತೈತಿ. ಮ್ಯಾಲ ಬಂದಂಗ ಅದು ಹಿಗ್ಗತೈತಿ. ಬಾಯಿ ಮುಚ್ಚಿದ್ರ ಹೋಗೂದೆಲ್ಲಿ? ಎದಿ ಹರಕೊಂಡು ಹೋಗ್ತೈತಿ."

ಅವನಿಗೆ ಅರ್ಥವಾಯಿತೋ ಇಲ್ಲವೋ. ಮೇಲೆ ಹಗ್ಗ ಹಿಡಿದಿದ್ದ ಯಲ್ಲವ್ವನಿಗೆ ಹಂಚಿನ ಮೇಲಿನ ರೊಟ್ಟಿ ಕಂಡಿತು. ಬಿಸಿ ಏರಿದಂತೆ ಉಬ್ಬಿ ಉಬ್ಬಿ, ಹೊರಗೆ ದಾರಿ ಸಿಗದೆ ಒಂದು ಬದಿಗೆ ಪಟ್ಟನೆ ಒಡೆಯುವ ರೊಟ್ಟಿ.

ಎರಡು ಸಲ ಮೇಘಾ "ಆಗಂಗಿಲ್ಲ, ಇವರನ್ನ ಕರಕೊಂಡು ಹೋಗಂಗಿಲ್ಲ" ಎಂದು ಸಾಮಾನು ಕಟ್ಟಿದಳು. ಮೂರನೆಯ ಸಲ, ಏರುವಾಗ ಏನಾದರೂ ದನಿ ಮಾಡುತ್ತಿರಿ, ದನಿ ಹೊರಟರೆ ಉಸಿರೂ ಹೊರಡುತ್ತದೆ, ಸುಮ್ಮನೆ 'ಆ' ಅನ್ನಿ ಎಂದಳು.

"ಸಾಲಿ ಹುಡುಗನ ಗತೆ ಆ ಅನ್ನಲಿ?" ಅವನಿಗೆ ನಾಚಿಕೆ.

"ಕುರಿ ಕರೀರಿ" ಎಂದಳು ಯಲ್ಲವ್ವ ಮೇಲಿನಿಂದ.

ಅವನು ತಲೆಯೆತ್ತಿ ನೋಡಿದ. ಬಾವಿಯ ಕೆಲಸಕ್ಕೆ ಬೀಳುವ ಮುಂಚೆ ಅಪ್ಪನ ಕುರಿ ಕಾಯ್ದವನು. ಸಂಜೆ ಹಿಂಡನ್ನು ತಿರುಗಿಸುವಾಗ ಅವನ ಕರೆ ಇಡೀ ಹೊಲಕ್ಕೆ ಕೇಳುತ್ತಿತ್ತಂತೆ. ಉದ್ದಕ್ಕೆ ಒಂದು, ಗಿಡ್ಡಕ್ಕೆ ಎರಡು. ಹೋ...ಓ, ಹುರ್, ಹುರ್. ಅದನ್ನು ಕರೆಯುವಾಗ ಯಾವ ಕುರುಬನೂ ಉಸಿರು ಹಿಡಿಯಲಾರ. ನಳಿಗೆ ಕಚ್ಚಿಕೊಂಡು ಮುಳುಗಿದ. ಏರುತ್ತ ಕರೆದ. ನೀರಿನ ಮೇಲೆ ಗುಳ್ಳೆಗಳ ಒಂದು ಉದ್ದ ಸಾಲು, ಆಮೇಲೆ ಎರಡು ತುಂಡು ಬಂದು ಒಡೆದವು. ಯಲ್ಲವ್ವ ಕಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಿದ್ದಳು.

*

ದೋಣಿ ನಡೆಸುತ್ತಿದ್ದವನು ಯಲ್ಲಾರಿ, ಜಲಾಶಯದ ಹಳೆಯ ಮೀನುಗಾರ. ತನ್ನ ರಿಂಗುಗಳ ಗತಿ ಏನಾಯಿತೆಂದು ತಿಳಿಯಲು ಅಭಿನಂದನನೂ ಬಂದಿದ್ದ. ಬಿಳಿ ಪ್ಯಾಂಟು, ಎದೆಗೆ ಬಿಗಿದ ಕಿತ್ತಳೆ ಲೈಫ್ ಜಾಕೆಟ್ಟು, ಎರಡೂ ಕೈಯಿಂದ ಹಲಗೆ ಹಿಡಿದ ಹಿಡಿತ. ಅವನಿಗೆ ಈಜು ಬರುವುದಿಲ್ಲ ಎಂಬುದು ಕೇಳದೆಯೂ ತಿಳಿಯುತ್ತಿತ್ತು.

"ಸಾವ್ಕಾರ್ರ, ನೀವು ಮೊಟ್ಟಿ ಸೈತ ಮುಟ್ಟದ ಜೈನರು. ಮೀನಿಗೆ ಮನಿ ಕಟ್ಟೀರಿ. ನಾಳೆ ನಾ ಅವನ್ನ ಹಿಡಕೊಂಡು ತಿಂದ್ರ ಪಾಪ ಯಾರಿಗೆ?" ಎಂದು ಯಲ್ಲಾರಿ ಕೆಣಕಿದ.

"ಮನಿ ಕಟ್ಟೂದು ನಂದು ಯಲ್ಲಾರಿ ಕಾಕಾ. ಬಾಗಲಾ ಬಡಿಯಾವ ನೀ. ಬಡದವಂಗ ಪಾಪ" ಎಂದ ಅಭಿನಂದನ.

ಬೀರಸಿದ್ದಪ್ಪ ನಗುತ್ತಲೇ ಕರಿ ರಬ್ಬರಿನ ಅಂಗಿಯೊಳಗೆ ತೂರಿಕೊಂಡ. ಮೇಘಾ ಒಂದೊಂದೇ ಪಟ್ಟಿ ಜಗ್ಗಿ ನೋಡಿದಳು, ಅವನ ಕಾಲಿಗೆ ಕಟ್ಟಿದ ಚೂರಿಯನ್ನೂ ಮುಟ್ಟಿ ನೋಡಿದಳು. ಸಮುದ್ರದಲ್ಲಿ ಸೊಂಟಕ್ಕೆ ಹಗ್ಗ ಕಟ್ಟುವ ಪದ್ಧತಿ ಇಲ್ಲ, ಆದರೆ ಇಂಥ ರಾಡಿಯಲ್ಲಿ ಹಗ್ಗ ಬೇಕೇ ಬೇಕು ಎಂದು ಅವಳೇ ಹೇಳಿದ್ದಳು. ಯಲ್ಲವ್ವನ ಹಗ್ಗವನ್ನೇ ಕಟ್ಟಿದರು. ಅದಕ್ಕೆ ಮಾರಿಗೊಂದರಂತೆ ಹಳೆಯ ಸೀರೆಗಳ ಚಿಂದಿ ಕಟ್ಟಿದ್ದಳು. ಕೆಂಪು, ಹಸಿರು, ಹಳದಿ, ತನ್ನ ಮದುವೆಯ ಇಳಕಲ್ ಸೀರೆಯ ಸೆರಗಿನ ಒಂದು ಚೂರು. ಯಾವ ಚಿಂದಿ ಕೈ ದಾಟಿತು ಎಂಬುದರ ಮೇಲೆ ಅವನೆಷ್ಟು ಆಳದಲ್ಲಿದ್ದಾನೆಂದು ತಿಳಿಯುತ್ತಿತ್ತು. ಅದಲ್ಲದೆ ಮೇಘಾ ಇನ್ನೊಂದು ಹಗ್ಗವನ್ನು ದೋಣಿಯ ಅಂಚಿಗೆ ಬಿಗಿದು, ಅದರ ತುದಿಗೆ ಒಂದು ತುಂಬಿದ ಸಿಲಿಂಡರ್ ಕಟ್ಟಿ, ಮೂರು ಮಾರು ಕೆಳಗೆ ತೂಗುಬಿಟ್ಟಳು. ಬರುವಾಗ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಗಾಳಿ ಕಡಿಮೆಬಿದ್ದರೆ ಅದು ಇರಲಿ ಎಂದು.

"ಒಂದು ಜಗ್ಗಿದ್ರ?" ಎಂದು ಮೇಘಾ ಯಲ್ಲವ್ವನನ್ನು ಕೇಳಿದಳು.

"ಸಡಲ ಬಿಡತೀನಿ."

"ಎರಡು ಜಗ್ಗಿದ್ರ?"

ಯಲ್ಲವ್ವ ತಡೆದಳು. "ಬರಾಕತ್ತಾರ ಅಂತ ತಿಳೀತೀನಿ. ಸಡಲ ಆದಷ್ಟ ಸುತ್ತಿಕೋತೀನಿ. ಜಗ್ಗಂಗಿಲ್ಲ."

"ಶಾಣ್ಯಾಕಿ ಆಗೀದಿ" ಎಂದ ಗಂಡ. ನಳಿಗೆ ಬಾಯಿಗಿಡುವ ಮುಂಚೆ ಅವಳತ್ತ ನೋಡಿ ಮೆಲ್ಲಗೆ ಕುರಿ ಕರೆದ. ಹೋ...ಓ, ಹುರ್, ಹುರ್. ಯಲ್ಲಾರಿ ಅತ್ತಿತ್ತ ನೋಡಿ, "ಇಲ್ಲೆಲ್ಲೈತೋ ಮಾರಾಯಾ ಕುರಿ?" ಎಂದ.

ಇಬ್ಬರೂ ಹಿಂದಕ್ಕೆ ಒರಗಿ ನೀರಿಗೆ ಬಿದ್ದರು. ನೀರು ಮುಚ್ಚಿಕೊಂಡಿತು. ಯಲ್ಲವ್ವನ ಬಾಯಿಯೂ ಮುಚ್ಚಿಕೊಂಡಿತು.

*

ಕೆಂಪು ಚಿಂದಿ ಹೋಯಿತು. ಹಸಿರು ಹೋಯಿತು. ಹಗ್ಗ ಸಾವಕಾಶವಾಗಿ ಅಂಗೈ ಸವರುತ್ತ ಇಳಿಯಿತು. ಸೆರಗಿನ ಚೂರೂ ಮುಳುಗಿ, ಏಳನೆಯ ಮಾರಿಗೆ ನಿಂತಿತು. ತಳ ಮುಟ್ಟಿದ್ದಾರೆ.

ಅವಳ ಮೊದಲನೆಯ ಉಸಿರು ತೀರಿತು. ಎರಡನೆಯದೂ. ಮೂರನೆಯದು ಮುಗಿಯುವಾಗ ಕೈ ತಾವಾಗಿಯೇ ಬಿಗಿದವು. ಅವಳು ಒಂದೊಂದೇ ಬೆರಳನ್ನು ಸಡಿಲಿಸಿದಳು. ಅವರು ಕೆಳಗೆ ಉಸಿರಾಡುತ್ತಿದ್ದಾರೆ. ಗುಳ್ಳೆಗಳು ಬರುತ್ತಿವೆ, ಎರಡು ಕಡೆ, ಪಕ್ಕಪಕ್ಕದಲ್ಲಿ, ಕುದಿಯುವ ಎಸರಿನ ಹಾಗೆ. ನೋಡು, ಬರುತ್ತಿವೆ. ಆದರೂ ಎದೆಗೆ ಅದು ತಿಳಿಯಲಿಲ್ಲ. ಇಪ್ಪತ್ತು ವರ್ಷದ ರೂಢಿ, ನಾಲ್ಕನೆಯ ಉಸಿರೆಂಬುದು ಅದಕ್ಕೆ ಗೊತ್ತೇ ಇರಲಿಲ್ಲ.

"ಎಷ್ಟೊತ್ತು ಇರ್ತಾರ?" ಅಭಿನಂದನ ಕೇಳಿದ.

"ಗಾಳಿ ಇರೂತನಾ" ಎಂದ ಯಲ್ಲಾರಿ.

ದೂರದ ದಂಡೆಯ ಮೇಲೆ ಯಾರದೋ ಎಮ್ಮೆಗಳು ನೀರಿಗಿಳಿಯುತ್ತಿದ್ದವು. ಬಿಸಿಲು ಚುರುಗುಟ್ಟತೊಡಗಿತ್ತು. ಹಗ್ಗ ಒಂದು ಸಲ ಜಗ್ಗಿತು. ಅವಳು ಸಡಿಲ ಬಿಟ್ಟಳು. ಹಗ್ಗ ಓರೆಯಾಗಿ ದೋಣಿಯ ಎಡಕ್ಕೆ ಸರಿಯಿತು, ಗುಳ್ಳೆಗಳೂ ಸರಿದವು. ಒಂದು ರಿಂಗಿನಿಂದ ಇನ್ನೊಂದಕ್ಕೆ ಹೋಗುತ್ತಿದ್ದಾರೆ. ಮತ್ತೆ ಒಂದು ಜಗ್ಗು. ಮತ್ತೆ ಸಡಿಲ. ಇದೇನು ಕಷ್ಟವಲ್ಲ, ಅನಿಸಿತು ಅವಳಿಗೆ. ಹೀಗೇ ಇದ್ದರೆ ಕಲಿತೇನು.

ಆಗ ಗುಳ್ಳೆಗಳ ಎರಡು ಗುಂಪು ಒಂದಾದವು. ಒಂದಾಗಿ, ದಟ್ಟವಾಗಿ, ಗಡಿಬಿಡಿಯಿಂದ ಉಕ್ಕತೊಡಗಿದವು.

ಯಲ್ಲಾರಿ ಬೀಡಿ ತುಟಿಯಿಂದ ತೆಗೆದ. ನೀರಿನ ಕಡೆ ಬಗ್ಗಿದ.

"ಏನ ಆತ್ರಿ ಕಾಕಾ?"

"ಅಲ್ಲೇ ಯಾರೋ ಮೀನಿನ ಬಲಿ ಬಿಟ್ಟಾರೇನೋ ಅಂತ ನನಗ ಸಂಶೆ ಇತ್ತು." ಅವನು ನೀರಿನಿಂದ ಕಣ್ಣು ತೆಗೆಯಲಿಲ್ಲ. "ಹರದ ಬಲಿ ತಳಕ್ಕ ಹೋಗಿ ಕುಂತಿದ್ರ, ರಾಡ್ಯಾಗ ಕಾಣಂಗಿಲ್ಲ."

ಎರಡು ಜಗ್ಗು ಬಂದವು.

ಅವಳ ಮೈಯೆಲ್ಲ ಒಮ್ಮೆಲೇ ಎದ್ದು ನಿಂತಿತು. ಹಲಗೆಗೆ ಕಾಲು ಒದ್ದಾಗಿತ್ತು, ಬೆನ್ನು ಹಿಂದಕ್ಕೆ ವಾಲಿತ್ತು, ಹಗ್ಗ ಒಂದು ಗೇಣು ಮೇಲೆ ಬಂದೂ ಬಿಟ್ಟಿತ್ತು. ಸಡಿಲವಾದಷ್ಟು ಸುತ್ತಿಕೋ. ಜಗ್ಗಬೇಡ. ಅವಳು ತಡೆದು ನಿಂತಳು. ಸುತ್ತಿಕೊಳ್ಳಲು ಸಡಿಲವೇ ಇರಲಿಲ್ಲ. ಅವನು ಏರುತ್ತಿದ್ದರೆ ಹಗ್ಗ ಕೈಗೆ ಬರಬೇಕು. ಬರಲಿಲ್ಲ. ತಂತಿಯ ಹಾಗೆ ಬಿಗಿದು ನಿಂತಿತ್ತು.

ಮತ್ತೆ ಎರಡು ಜಗ್ಗು. ಈ ಸಲ ಮಂದವಾಗಿ, ಗೋಡೆಯ ಆಚೆಯಿಂದ ಬಡಿದ ಹಾಗೆ.

"ಎಳೀರಿ ವೈನಿ!" ಅಭಿನಂದನ ಎದ್ದ. ದೋಣಿ ಹೊಯ್ದಾಡಿತು. "ಏನ ನೋಡಾಕತ್ತೀರಿ? ಜಗ್ಗಾಕತ್ತಾನ ಅಂವಾ, ಎಳೀರಿ!"

"ಎಳಿಬ್ಯಾಡ ಅಂದಾಳ."

"ಅಂದಿದ್ಳು ಆಗ! ಈಗ ಸಾಯಾಕತ್ತಾರ!" ಈಜು ಬಾರದ, ಹಲಗೆ ಬಿಡಲೂ ಹೆದರುತ್ತಿದ್ದ ಮನುಷ್ಯ ಎರಡೂ ಕೈಯಿಂದ ಹಗ್ಗಕ್ಕೆ ಬಿದ್ದ. ಅವನೂ ಅವರನ್ನು ಉಳಿಸಲೆಂದೇ ಮುಂದಾಗಿದ್ದ. ಹಗ್ಗ ಇನ್ನೊಂದು ಗೇಣು ಎದ್ದಿತು, ಕೆಳಗೆ ಯಾವುದಕ್ಕೋ ಕಚ್ಚಿ ನಿಂತಿತು.

ಆ ಕಚ್ಚಿನಲ್ಲಿ ಯಲ್ಲವ್ವನಿಗೆ ತಿಳಿಯಿತು. ಆ ತುದಿಯಲ್ಲಿ ಮನುಷ್ಯನ ಸೊಂಟ ಇರಲಿಲ್ಲ. ಸೊಂಟವಾದರೆ ಎಳೆದಾಗ ಒಂದಿಷ್ಟು ಬರುತ್ತದೆ, ಒಂದಿಷ್ಟು ತಡೆಯುತ್ತದೆ, ಜೀವ ಇರುತ್ತದೆ. ಇದು ಸಿಮೆಂಟು. ಹಗ್ಗ ಒಂದು ರಿಂಗಿನೊಳಗೆ ಹಾದು ಅದರ ಅಂಚಿಗೆ ಸಿಕ್ಕಿದೆ. ಅವನು ಅದರ ಆಚೆ ಇದ್ದಾನೆ. ಎಳೆದರೆ ಅವನನ್ನು ಆ ರಿಂಗಿನೊಳಗೇ ಎಳೆದಂತೆ. ಇಲ್ಲವೇ ಅಂಚು ಬಿಟ್ಟುಕೊಟ್ಟರೆ, ಬಾವಿಯ ಕೊಡದ ಹಾಗೆ ಸರ್ರನೆ ಮೇಲೆ. ಆ ಗಾಬರಿಯಲ್ಲಿ ಅವನು ಉಸಿರು ಬಿಡುತ್ತಾನೆಯೇ? ಹಂಚಿನ ಮೇಲಿನ ರೊಟ್ಟಿ ಕಣ್ಣಿಗೆ ಕಟ್ಟಿತು.

"ಬಿಡ್ರಿ ಸಾವ್ಕಾರ್ರ."

"ವೈನಿ, ಹುಚ್ಚು ಹಿಡದೈತೇನು ನಿಮಗ?"

"ಬಿಡ್ರಿ ಅಂದೆ!" ಅವಳು ಭುಜದಿಂದ ನೂಕಿದಳು. ಅಭಿನಂದನ ಹಿಂದಕ್ಕೆ ಕೂತುಬಿದ್ದ. "ಕೆಳಗಿರೂದು ನಿಮ್ಮ ರಿಂಗಲ್ಲ, ನನ್ನ ಗಂಡ."

ಹೇಳಿ, ಎಂದೂ ಮಾಡದ ಕೆಲಸ ಮಾಡಿದಳು. ಎರಡು ಜಗ್ಗು ಬಂದ ಹಗ್ಗವನ್ನು ಸಡಿಲ ಬಿಟ್ಟಳು. ಒಂದು ಮಾರು, ಎರಡು ಮಾರು. ಸೀರೆಯ ಚಿಂದಿಗಳು ಒಂದರ ಹಿಂದೊಂದು ಅವಳ ಕೈಯಿಂದ ಜಾರಿ ರಾಡಿಯೊಳಗೆ ಹೋದವು. ಅಂಗೈಗಳು ಅಳುತ್ತಿದ್ದವು ಎಂದರೆ ಸುಳ್ಳಲ್ಲ.

ಹಗ್ಗ ತೇಲಾಡಿತು. ಅದುರಿತು. ಆಮೇಲೆ ಸತ್ತುಹೋಯಿತು.

ಅವಳು ಒಂದು ಬೆರಳಿನಿಂದ ಎತ್ತಿ ನೋಡಿದಳು. ಭಾರ ಇಲ್ಲ. ಒಂದು ಮಾರು ಸುತ್ತಿಕೊಂಡಳು, ಬಂತು. ಇನ್ನೊಂದು, ಬಂತು. ಎಲ್ಲಿಯೂ ತಡೆಯಲಿಲ್ಲ. ಸೆರಗಿನ ಚೂರು ಕೆಸರು ಮೆತ್ತಿಕೊಂಡು ಬಂತು, ಕೊನೆಗೆ ಕೆಂಪು ಚಿಂದಿ, ಅದರ ಹಿಂದೆ ಬರಿ ಹಗ್ಗ, ಅದರ ಹಿಂದೆ ತುದಿ.

ಇಷ್ಟು ವರ್ಷದಲ್ಲಿ ಆ ತುದಿ ಅವನಿಲ್ಲದೆ ಮೇಲೆ ಬಂದಿರಲಿಲ್ಲ.

"ಯವ್ವಾ..." ಎಂದ ಯಲ್ಲಾರಿ.

ಅವಳಿಗೆ ಅಳು ಬರಲಿಲ್ಲ. ತುದಿಯನ್ನು ಬೆರಳಲ್ಲಿ ತಿರುವಿ ತಿರುವಿ ನೋಡಿದಳು. ಹರಿದಿದ್ದರೆ ಎಳೆಗಳು ಜಡೆ ಬಿಚ್ಚಿದಂತೆ ಚೆದರಿರಬೇಕಿತ್ತು. ಇದು ಸಪಾಟಾಗಿತ್ತು, ಈರುಳ್ಳಿ ಕೊಯ್ದಂತೆ. ಕೊಯ್ದವನಿಗೆ ಕೈಯಲ್ಲಿ ಬಲವಿತ್ತು, ತಲೆಯಲ್ಲಿ ವಿಚಾರವಿತ್ತು. ಅವನೇ ಕೊಯ್ದಿದ್ದಾನೆ.

ಅಂದರೆ ಈಗ ಅವನಿಗೂ ಅವಳಿಗೂ ನಡುವೆ ಏನೂ ಇಲ್ಲ. ಬರೀ ನೀರು.

ಗುಳ್ಳೆಗಳು ನಿಂತಿದ್ದವೋ, ಎಲ್ಲಿಯಾದರೂ ಬೇರೆ ಕಡೆ ಎದ್ದಿದ್ದವೋ. ಗಾಳಿ ಬೀಸಿ ನೀರಿನ ಮೇಲೆ ಸುಕ್ಕು ಎದ್ದಿತು, ಬಿಸಿಲು ಚೂರುಚೂರಾಗಿ ಕಣ್ಣಿಗೆ ಹೊಡೆಯಿತು. ಮೂವರೂ ಮೂರು ಕಡೆ ನೋಡಿದರು. ಅಭಿನಂದನ ಬಾಯೊಳಗೆ ಣಮೋಕಾರ ಮಂತ್ರ ಹೇಳತೊಡಗಿದ್ದ. ಯಲ್ಲವ್ವ ಉಸಿರು ಹಿಡಿದಳು. ಬಿಟ್ಟಳು. ಹಿಡಿದಳು. ಬಿಟ್ಟಳು. ಮೂರನೆಯದು ಹಿಡಿದಳು. ಅದು ತೀರಿದಾಗ ಎಳೆಯಲು ಅವಳ ಕೈಯಲ್ಲಿ ಏನೂ ಇರಲಿಲ್ಲ, ಬಿಗಿದ ಮುಷ್ಟಿಯಲ್ಲಿ ಉಗುರುಗಳೇ ಅಂಗೈಗೆ ನಾಟಿದವು.

ಆಗ ಅವಳ ಕಣ್ಣು ದೋಣಿಯ ಅಂಚಿಗೆ ಬಿಗಿದ ಇನ್ನೊಂದು ಹಗ್ಗದ ಮೇಲೆ ಬಿತ್ತು, ಸಿಲಿಂಡರ್ ತೂಗುಬಿಟ್ಟದ್ದು. ಮೊಣಕಾಲ ಮೇಲೆ ತೆವಳಿ ಹತ್ತಿರ ಹೋದಳು. ಹಿಡಿಯಲಿಲ್ಲ. ಹಿಡಿದರೆ ಎಳೆದುಬಿಡುತ್ತಾಳೆಂದು ಅವಳಿಗೆ ಗೊತ್ತಿತ್ತು. ಅಂಗೈಯನ್ನು ಅದರ ಮೇಲೆ ಇಟ್ಟಳು, ಮಲಗಿದ ಕೂಸಿನ ಎದೆಯ ಮೇಲೆ ಇಡುವ ಹಾಗೆ.

ಏನೂ ಇಲ್ಲ. ಅಲೆಯ ತೂಗು ಅಷ್ಟೇ.

ಏನೂ ಇಲ್ಲ.

ಹಗ್ಗ ಕೆಳಕ್ಕೆ ತುಸು ವಾಲಿತು. ಅಲೆಯಲ್ಲ. ಒಂದು ಭಾರ ಬಂದು ಅದನ್ನು ಹಿಡಿದಿತ್ತು, ಬಿಟ್ಟು ಮತ್ತೆ ಹಿಡಿದಿತ್ತು. ಆಮೇಲೆ ಎರಡನೆಯ ಭಾರ. ದೋಣಿಯ ಆ ಬದಿ ಗುಂಜಿಯಷ್ಟು ತಗ್ಗಿತು.

ಅವಳು ಮುಖವನ್ನು ನೀರಿಗೆ ತಾಗುವಷ್ಟು ಬಗ್ಗಿಸಿದಳು. ಗುಳ್ಳೆಗಳು ಬರುತ್ತಿದ್ದವು. ಒಂದು ಕಡೆ ಸಣ್ಣಗೆ, ಒಂದೇ ಸಮನೆ, ಅದು ಮೇಘಾಳದು. ಇನ್ನೊಂದು ಕಡೆ ಒಂದು ಉದ್ದ ಸಾಲು ಎದ್ದು ಬಂತು. ನಿಂತಿತು. ಹಿಂದೆಯೇ ಎರಡು ತುಂಡು.

ಉದ್ದಕ್ಕೆ ಒಂದು. ಗಿಡ್ಡಕ್ಕೆ ಎರಡು.

"ಏನ ಬಂತು? ಏನ ನೋಡಾಕತ್ತೀರಿ?" ಎಂದ ಅಭಿನಂದನ.

"ಕುರಿ ಕರಿಯಾಕತ್ತಾರ" ಎಂದಳು ಯಲ್ಲವ್ವ.

ಅವನಿಗೆ ಇವಳ ತಲೆ ಕೆಟ್ಟಿದೆ ಎನಿಸಿರಬೇಕು. ಯಲ್ಲಾರಿ ಮಾತ್ರ ಅವಳ ಪಕ್ಕಕ್ಕೆ ಬಂದು ಬಗ್ಗಿ ನೋಡಿದ, ಮತ್ತೊಂದು ಕರೆ ಬಂದು ಒಡೆಯುವುದನ್ನು ನೋಡಿದ, ತಲೆಯ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡ.

ಅವರು ಬೇಗ ಮೇಲೆ ಬರಲಿಲ್ಲ. ಆ ಹಗ್ಗ ಹಿಡಿದುಕೊಂಡು ಅಲ್ಲೇ ನಿಂತರು. ನಿಲ್ಲಬೇಕಾದದ್ದು ನಿಯಮ, ಅದು ಅವಳಿಗೆ ಗೊತ್ತಿತ್ತು. ಕಾಯುವುದು ಅದರಿಂದ ಹಗುರವಾಗಲಿಲ್ಲ. ಮೂರೇ ಮೂರು ಮಾರು. ಕೈ ಚಾಚಿ ಎರಡು ಸೆಳೆತ ಎಳೆದರೆ ಅವನ ಕೂದಲು ಕೈಗೆ ಸಿಗುತ್ತದೆ. ಅಂಗೈ ಹಗ್ಗದ ಮೇಲೆ ಉರಿಯಿತು. ಅವಳು ಅದನ್ನು ಮುಷ್ಟಿ ಮಾಡಲಿಲ್ಲ. ಒಂದು ಉದ್ದ ಸಾಲು ಒಡೆಯುವಾಗ ತಾನೂ ಉಸಿರು ಬಿಟ್ಟಳು. ಮುಂದಿನದು ಬರುವವರೆಗೆ ಎಳೆದುಕೊಂಡಳು. ಮತ್ತೆ ಬಿಟ್ಟಳು. ಎಷ್ಟು ಸಲ ಎಂಬ ಲೆಕ್ಕ ಅವಳಿಗೆ ಉಳಿಯಲಿಲ್ಲ.

*

ಮೇಘಾಳ ತಲೆ ಮೊದಲು ಬಂತು, ಆಮೇಲೆ ಬೀರಸಿದ್ದಪ್ಪನದು. ಯಲ್ಲಾರಿ ಇಬ್ಬರನ್ನೂ ರಟ್ಟೆ ಹಿಡಿದು ಹತ್ತಿಸಿಕೊಂಡ. ಮೇಘಾಳ ಸಿಲಿಂಡರಿನ ಕುತ್ತಿಗೆಗೆ ಹಸಿರು ನೈಲಾನು ಬಲೆಯ ತುಂಡು ಇನ್ನೂ ಸುತ್ತಿಕೊಂಡಿತ್ತು. ತುಟಿ ನೀಲಿಯಾಗಿದ್ದವು. ಅವಳು ಹಲಗೆಗೆ ಒರಗಿ ಉಸಿರು ಎಳೆದುಕೊಂಡಳು.

"ಅಡ್ಡ ಮಲಗಿದ ರಿಂಗಿನೊಳಗ ಬಲಿ ಇತ್ತು" ಎಂದಳು ಆಮೇಲೆ. "ಹಿಂದಿಂದ ಹಿಡಕೊಂತು ನನ್ನ. ಹೊರಳಿದಷ್ಟೂ ಬಿಗೀತು. ಅಣ್ಣಾರು ಇನ್ನೊಂದು ರಿಂಗಿನ್ಯಾಗಿಂದ ಹಾದು ಬಂದು ಕೊಯ್ದರು. ಹೊಳ್ಳಿ ಹೊಂಟಾಗ ಅವರ ಹಗ್ಗನ ಸಿಕ್ಕಿತು. ಒಮ್ಮೆ ಮ್ಯಾಲಿಂದ ಜಗ್ಗಿತು, ಅಣ್ಣಾರ ಬೆನ್ನು ಹೋಗಿ ರಿಂಗಿಗೆ ಬಡೀತು. ಇನ್ನೊಂದು ಸಲ ಜಗ್ಗಿದ್ರ ಮುಗೀತು ಅಂತ ಮಾಡಿದ್ದೆ." ಅವಳು ಯಲ್ಲವ್ವನತ್ತ ನೋಡಿದಳು. "ಅಷ್ಟೊತ್ತಿಗೆ ಸಡಲ ಆತು. ಸಡಲ ಆಗಿದ್ದಕ್ಕ ಕೊಯ್ಯಾಕ ಬಂತು."

ಅಭಿನಂದನ ತಲೆ ತಗ್ಗಿಸಿದ. "ಅದು ಜಗ್ಗಿದಾಂವ ನಾನು" ಎಂದ.

"ಗಾಬರಿ ಆಗಿದ್ರಿ" ಎಂದಳು ಯಲ್ಲವ್ವ. "ನಾನೂ ಒಂದ ಗೇಣು ಜಗ್ಗಿದ್ದೆ."

ಯಲ್ಲಾರಿ ಕೇಳಿದ, "ಅದೆಲ್ಲಾ ಇರಲಿ, ಒಳಗ ಯಾರರ ಬಾಡಿಗಿಗೆ ಬಂದಾರೋ ಇಲ್ಲೋ?"

ಮೇಘಾಳ ಮುಖದಲ್ಲಿ ಬಣ್ಣ ಬಂತು. "ಬಂದಾವ ಕಾಕಾ. ಬ್ಯಾಟರಿ ಬಿಟ್ರ ಕಣ್ಣು ಕಣ್ಣು. ಒಂದೊಂದು ರಿಂಗಿನ್ಯಾಗ ಮರಿ ಹಿಂಡು."

"ಮುಂದಿನ ವಾರ ಆ ಬಲಿ ಪೂರಾ ಕೀಳಬೇಕು" ಎಂದ ಬೀರಸಿದ್ದಪ್ಪ. ಅದು ಅವನ ಮೊದಲ ಮಾತು. ಯಲ್ಲವ್ವ ಅವನ ಮುಖ ನೋಡಿದಳು.

ದೋಣಿ ದಂಡೆಯ ಕಡೆ ತಿರುಗಿತು. ಅವನು ರಬ್ಬರಿನ ಅಂಗಿ ಅರ್ಧ ಕಳಚಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಭುಜದ ಕೆಳಗೆ ರಿಂಗಿನ ಅಂಚು ಬಡಿದದ್ದು ಕೆಂಪಗೆ ಎದ್ದಿತ್ತು. ಅವಳು ಬುತ್ತಿಯ ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಅವನ ಮುಂದಿಟ್ಟಳು.

"ಹಗ್ಗ ಕೊಯ್ದೆ" ಎಂದ ಅವನು, ತಪ್ಪು ಮಾಡಿದ ಹುಡುಗನ ಹಾಗೆ.

"ನೋಡೇನಿ."

"ಜಗ್ಗಬೇಕು ಅನಸಲಿಲ್ಲೇನ ನಿನಗ?"

ಅವಳು ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಉಗುರು ನಾಟಿದ ಕಡೆ ರಕ್ತ ಕಟ್ಟಿತ್ತು. ಅವನು ಬಹಳ ಹೊತ್ತು ನೋಡಿದ.

"ಮತ್ತ ಹ್ಯಾಂಗ ಕುಂತಿ?"

"ಕುರಿ ಕರದ್ರಲ್ಲ."

"ನೀರಾಗ ಕರದದ್ದು ನಿನಗ ಕೇಳಿಸ್ತ?"

"ಕಾಣಿಸ್ತು" ಎಂದಳು.

ಅವನು ರೊಟ್ಟಿ ಮುರಿದ. ಮೊದಲ ತುತ್ತನ್ನು ಅವಳ ಕಡೆಗೆ ಹಿಡಿದ. ಜನರ ಮುಂದೆ ಹಾಗೆ ಮಾಡುವವನಲ್ಲ. ಅವಳು ತಲೆಯಾಡಿಸಿದಳು, ಕೈ ಖಾಲಿ ಇರಲಿಲ್ಲ. ಸೆರಗಿನಿಂದ ಒಂದು ದಾರ ಹಿರಿದುಕೊಂಡು, ಕೊಯ್ದ ತುದಿಯ ಎಳೆ ಬಿಚ್ಚದ ಹಾಗೆ ಸುತ್ತಿ ಸುತ್ತಿ ಬಿಗಿಯುತ್ತಿದ್ದಳು. ಅರ್ಧ ಮಾರು ಹೋಗಿದೆ, ಇನ್ನೂ ಸಾಕಷ್ಟು ಉದ್ದವಿದೆ. ಮುಂದಿನ ವಾರಕ್ಕೆ ಬೇಕಲ್ಲ.